ಕೊನೆಯ ಸುತ್ತಿನ ಒಳದಾರಿ

ಟಿನ್ ಫ್ಯಾಕ್ಟರಿ ಹತ್ತಿರ, ಕೆ.ಆರ್. ಪುರ
ಮಂಗಳವಾರ, 18 ನವೆಂಬರ್ 2003

ಪ್ರೀತಿಯ ತಮ್ಮ ಶಿವಪುತ್ರನಿಗೆ,

ಬಷೀರ್ ಭಾಯಿ ನಿನ್ನೆಯಿಂದ ಟ್ರ್ಯಾಕ್ ರೇಸಿನ ಸೈಕಲ್ಲುಗಳ ಕೆಲಸ ನಿಲ್ಲಿಸಿದ್ದಾರೆ. ಇದನ್ನು ನನಗೆ ಹೇಳಿದವರು ನಮ್ಮ ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ ಮುನಿರಾಜಪ್ಪನವರು. ನಂಬಿಕೆಯಾಗದೆ ಸಂಜೆ ಪ್ರೆಸ್ಸಿನ ಕೆಲಸ ಮುಗಿಸಿ ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಬರುವಾಗ ಅವರ ಅಂಗಡಿಯ ಮುಂದೆ ಹಾದು ಬಂದೆ. ಗಾಲಿ ತಿರುಗಿಸಿ ಸರಿನೋಡುವ ಸ್ಟ್ಯಾಂಡನ್ನು ಗೋಡೆಗೆ ಒರಗಿಸಿ ಅದರ ಮೇಲೆ ಗೋಣಿಚೀಲ ಹೊದಿಸಿದ್ದರು. ಅವರು ಹೊರಗೆ ಕುಕ್ಕರುಗಾಲಲ್ಲಿ ಕೂತು ಹಾಲಿನವನ ಸೈಕಲ್ಲಿಗೆ ಪಂಚರ್ ಹಾಕುತ್ತಿದ್ದರು. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಟ್ಯೂಬಿನ ಮೇಲೆ ಬಗ್ಗಿದರು.

ನಿನ್ನ ಆರೋಗ್ಯ ಹೇಗಿದೆ? ಪಟಿಯಾಲದಲ್ಲಿ ಬೆಳಗಿನ ಮಂಜು ಶುರುವಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಿನಗೆ ಎದೆಯಲ್ಲಿ ಕಫ ಕಟ್ಟುವ ಅಭ್ಯಾಸ ಚಿಕ್ಕಂದಿನಿಂದ ಇದೆ, ಬೆಳಗಿನ ಅಭ್ಯಾಸಕ್ಕೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅವ್ವ ಹೆಣೆದುಕೊಟ್ಟ ಟೋಪಿ ಹಾಕಿಕೊಂಡರೆ ಗೆಳೆಯರು ನಗುತ್ತಾರೆ ಎಂದಿದ್ದೆ, ನಗಲಿ. ಇಲ್ಲಿ ಅವ್ವನಿಗೆ ಮೊಣಕಾಲು ನೋವು ಹಾಗೆಯೇ ಇದೆ. ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯುವುದು ರೂಢಿ. ಅಪ್ಪ ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಹಳೇ ಮದ್ರಾಸ್ ರಸ್ತೆಯ ಹೊಸ ಕಟ್ಟಡದಲ್ಲಿ ಗಾರೆ ಕೆಲಸದ ಮೇಲ್ವಿಚಾರಣೆ ಅವರದೇ. ಮನೆಗೆ ಬಂದ ಮೇಲೆ ಯಾರೊಂದಿಗೂ ಸೈಕಲ್ಲಿನ ಮಾತೆತ್ತುವುದಿಲ್ಲ. ನಮ್ಮ ಮನೆಯಲ್ಲಿ ಅದರ ಅರ್ಥವೇನು ಎಂದು ನಿನಗೆ ಹೇಳಬೇಕಾಗಿಲ್ಲ.

ನೀನು ಎರಡನೆಯವನಾದ ಆ ಭಾನುವಾರದ ಬಗ್ಗೆ ನಾವಿಬ್ಬರೂ ನೆಟ್ಟಗೆ ಮಾತಾಡಿಲ್ಲ. ನಾನು ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ಹಾಸ್ಟೆಲ್ಲಿನವನು ನೀನಿಲ್ಲ ಎಂದ. ಎರಡನೆಯ ಸಲ ನೀನು ಬಂದೆ, ಮಾತಾಡಿದೆ, ಇಟ್ಟೆ. ಹಾಗಾಗಿ ಬರೆಯುತ್ತಿದ್ದೇನೆ. ಕಾಗದವನ್ನು ಫೋನಿನಂತೆ ಅರ್ಧದಲ್ಲಿ ಇಡಲಾಗುವುದಿಲ್ಲ ಎಂಬ ಧೈರ್ಯದಿಂದಲ್ಲ, ಮಡಚಿ ಜೇಬಿಗಿಟ್ಟರೂ ಅದು ಅಲ್ಲೇ ಇರುತ್ತದೆ ಎಂಬುದಕ್ಕೆ.

ನಾವು ಮೂವರೂ ಅವತ್ತು ಹಲಸೂರು ಕಡೆಯ ಸಿಮೆಂಟ್ ಟ್ರ್ಯಾಕಿಗೆ ಬೆಳಿಗ್ಗೆಯೇ ಹೋಗಿದ್ದೆವು. ಎಂದಿನಂತೆ ಎರಡನೆಯ ತಿರುವಿನ ಹೊರಗಡೆ, ಮಣ್ಣಿನ ದಿಬ್ಬದ ಮೇಲೆ. ನೆರಳಿರುವ ಗ್ಯಾಲರಿಯಲ್ಲಿ ಕೂತವರಿಗೆ ಗೆಲ್ಲುವ ಗೆರೆ ಕಾಣುತ್ತದೆ, ನಮ್ಮ ದಿಬ್ಬದವರಿಗೆ ಗೆಲ್ಲುವುದು ಹೇಗೆ ಎಂಬುದು ಕಾಣುತ್ತದೆ ಎಂದು ಅಪ್ಪ ಹೇಳುವುದು ನಿನಗೆ ಗೊತ್ತು. ನಿನಗೆ ನೌಕರಿ ಕೊಟ್ಟ ಇಲಾಖೆಯ ಸೈಕಲ್ ತಂಡ ಸೇರಿದ ಮೇಲೆ ನೀನು ಊರಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದುದು ಅದೇ ಮೊದಲು. ಅಪ್ಪ ಇಸ್ತ್ರಿ ಮಾಡಿಸಿದ ಅಂಗಿ ಹಾಕಿದ್ದರು. ಅವ್ವ ಮೆಣಸಿನಕಾಯಿ ಹಚ್ಚಿದ ಮಂಡಕ್ಕಿಯನ್ನು ದಿಬ್ಬದ ಮೇಲಿದ್ದ ಅರ್ಧ ಜನಕ್ಕೆ ಹಂಚಿ, ನಂಬರ್ ಹದಿನಾಲ್ಕು ನನ್ನ ಮಗ ಎಂದು ಎಲ್ಲರಿಗೂ ಪರಿಚಯ ಮಾಡಿಸಿದ್ದಳು. ಇಬ್ಬಿಬ್ಬರೇ ಎದುರುಬದುರಿನಿಂದ ಹೊರಟು ಬೆನ್ನಟ್ಟುವ ಸ್ಪರ್ಧೆ ನಡೆಯುವಾಗ ಅವಳು ಜೋರಾಗಿಯೇ ಕೇಳಿದಳು: ‘ಇಬ್ರೂ ಒಬ್ರಿಗೊಬ್ರು ಬೆನ್ನ ಹತ್ತ್ಯಾರಲ್ಲ, ಇದರಾಗ ಕಳ್ಳ ಯಾರು, ಪೊಲೀಸ್ ಯಾರು?’ ಪಕ್ಕದಲ್ಲಿದ್ದ ಹಲಸೂರಿನ ಹುಡುಗರು ಅವತ್ತಿಡೀ ಪ್ರತಿ ಸ್ಪರ್ಧೆಗೂ ‘ಅಮ್ಮ, ಇದ್ರಲ್ಲಿ ಯಾರು ಕಳ್ಳ?’ ಎಂದು ಅವಳನ್ನೇ ಕೇಳುತ್ತಿದ್ದರು. ಮಧ್ಯಾಹ್ನದವರೆಗೆ ಅದು ನಾವು ಕಳೆದ ಒಳ್ಳೆಯ ದಿನಗಳಲ್ಲಿ ಒಂದು.

ನಿನ್ನ ಸ್ಪರ್ಧೆಯನ್ನು ನಾನು ಕಂಡಂತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಎಲ್ಲರೂ ಒಟ್ಟಿಗೆ ಹೊರಟು ಕೊನೆಯ ಸುತ್ತಿನಲ್ಲಿ ಮೊದಲು ಗೆರೆ ದಾಟಿದವನು ಗೆಲ್ಲುವ ಸ್ಪರ್ಧೆ ಅದು. ನೀನು ಬಹಳ ಹೊತ್ತು ಗುಂಪಿನ ನಡುವೆ ಕೂತಿದ್ದೆ, ಗಾಳಿಗೆ ಮುಖ ಕೊಡಲಿಲ್ಲ, ಚೆನ್ನಾಗಿ ಓಡಿಸಿದೆ. ಮುಗಿಯಲು ಮೂರು ಸುತ್ತು ಇರುವಾಗ ಟ್ರ್ಯಾಕಿನ ಎತ್ತರದ ಹೊರ ಅಂಚಿಗೆ ಹತ್ತಿ, ಆ ಇಳಿಜಾರನ್ನು ಬಳಸಿಕೊಂಡು ಮುಂದಕ್ಕೆ ನುಗ್ಗಿದೆ. ನಿನ್ನ ಹಿಂದೆ ಅಂಟಿಕೊಂಡು ಬಂದವರು ಒಬ್ಬರೇ, ನಿಮ್ಮ ತಂಡದ ಹಿರಿಯರು, ಇಲಾಖೆಯಲ್ಲಿ ನಿನ್ನ ಮೇಲಧಿಕಾರಿ, ನೀವೆಲ್ಲ ಸಾಹೇಬರು ಎನ್ನುವವರು. ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಅಪ್ಪ ಎದ್ದು ಟ್ರ್ಯಾಕಿಗೆ ಬೆನ್ನು ಮಾಡಿ ನಿಂತರು.

ನೀನು ಶಾಲೆಯ ಹುಡುಗನಾಗಿದ್ದಾಗ ಅಪ್ಪ ಕಣ್ಣಿಟ್ಟು ನೋಡುತ್ತಿದ್ದಂತೆ ಕೊನೆಯ ಸುತ್ತಿನಲ್ಲಿ ಬಿದ್ದು ಕಾಲರ್ ಎಲುಬು ಮುರಿದುಕೊಂಡೆಯಲ್ಲ, ಅಂದಿನಿಂದ ಅವರು ನಿನ್ನ ಕೊನೆಯ ಸುತ್ತನ್ನು ಒಂದು ಸಲವೂ ನೋಡಿಲ್ಲ. ಹೆತ್ತವರ ದೃಷ್ಟಿಯೇ ಜೋರು ಎನ್ನುತ್ತಾರೆ. ಗಂಟೆ ಬಿದ್ದ ಕೂಡಲೇ ತಿರುಗಿ ನಿಲ್ಲುವುದು, ನಾನು ನೋಡಿ ಹೇಳುವುದು, ಅವರು ರಸ್ತೆಯ ಕಡೆ ಮುಖ ಮಾಡಿ ಕೇಳುವುದು. ನೀನು ಗೆದ್ದ ಎಲ್ಲವನ್ನೂ ಅಪ್ಪ ನನ್ನ ಬಾಯಿಂದಲೇ ಕಂಡಿದ್ದಾರೆ. ಅವತ್ತೂ ಕೇಳಿದರು, ‘ಹೇಳವ್ವಾ, ಎಲ್ಲದಾನ?’ ‘ಮುಂದ ಅದಾನಪ್ಪಾ’ ಎಂದೆ. ‘ಹಿಂದ ಯಾರದಾರ?’ ‘ಸಾಹೇಬ್ರು.’ ‘ಎಷ್ಟ ದೂರ?’ ‘ಒಂದು ಸೈಕಲ್ ಅಷ್ಟು.’ ಅಪ್ಪ ನಕ್ಕರು.

ಆಮೇಲೆ ನೀನು ನಮ್ಮ ತಿರುವಿಗೆ ಬಂದೆ. ತಲೆ ಬಗ್ಗಿಸಿ ಕಂಕುಳ ಕೆಳಗಿನಿಂದ ಹಿಂದೆ ನೋಡಿದೆ. ಒಂದು ಸಲವಲ್ಲ, ಎರಡು ಸಲ. ಒಳಗೆರೆಯನ್ನು ಬಿಟ್ಟು ನಿಧಾನವಾಗಿ ಇಳಿಜಾರಿನ ಮೇಲಕ್ಕೆ ಹತ್ತಿದೆ. ಸಾಹೇಬರು ಬಿಟ್ಟ ಒಳದಾರಿಯಲ್ಲಿ ತೂರಿ ಹೋದರು. ಅವರು ಮುಂದಾದ ಮೇಲೆ ನೀನು ಮತ್ತೆ ತುಳಿದೆ, ಮೂರನೆಯವನು ನಿನ್ನನ್ನು ಹಿಡಿಯದಷ್ಟು. ನಾನು ಕಂಡದ್ದನ್ನು ಕಂಡಂತೆ ಹೇಳಿದೆ: ‘ಮೇಲಕ್ಕ ಹ್ವಾದ.’ ಅಪ್ಪ ‘ಯಾಕ?’ ಎಂದರು. ನನಗೆ ಉತ್ತರ ತಿಳಿದಿತ್ತು. ಅಷ್ಟರಲ್ಲಿ ಹಲಸೂರಿನ ಹುಡುಗರಲ್ಲೊಬ್ಬ ಕೂಗಿದ: ‘ಏನ್ ಗುರು, ಆಂಬುಲೆನ್ಸ್‌ಗೆ ದಾರಿ ಬಿಟ್ಟಂಗೆ ಬಿಟ್ಬಿಟ್ಟ?’ ಇನ್ನೊಬ್ಬ, ‘ಮೇಲಿನವರು ಮಗಾ, ಸಲ್ಯೂಟ್ ಹೊಡೀಲಿಲ್ವಲ್ಲ, ಅದೇ ದೊಡ್ಡದು’ ಎಂದ. ಅವ್ವನ ಮಂಡಕ್ಕಿ ತಿಂದ ಹುಡುಗರೇ. ಆ ಮಾತು ಅಪ್ಪನಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಗೆರೆ ದಾಟಿದ ಮೇಲೆ ಕೈ ಬಿಟ್ಟು, ಜನರಿಗೆ ಕೈ ಬೀಸುತ್ತ ಇನ್ನೊಂದು ಸುತ್ತು ಬಂದೆ, ಅದೇ ಗಾಲಿಯ ಮೇಲೆ. ಆಗ ಅಪ್ಪ ನಿನ್ನನ್ನು ನೋಡಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಿನಗೆ ನೌಕರಿ ಇನ್ನೂ ಖಾಯಂ ಆಗಿಲ್ಲ. ಸಾಹೇಬರಿಗೆ ಸ್ಪರ್ಧೆಗಳಲ್ಲಿ ಅದು ಕೊನೆಯ ವರ್ಷ ಎಂದು ಪತ್ರಿಕೆಯಲ್ಲೇ ಬಂದಿತ್ತು. ಅವರಿಗೆ ದಾರಿ ಬಿಡು ಎಂದು ಯಾರೋ ನಿನಗೆ ಹೇಳಿರಬೇಕು, ನೀನು ಕೇಳಿರಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟು ಸುರಪುರ ತಾಲ್ಲೂಕಿನಿಂದ ಇಲ್ಲಿಗೆ ಬಂದವರ ಮಗ ನೀನು, ನೌಕರಿಯ ಬೆಲೆ ನನಗೂ ಗೊತ್ತಿದೆ. ಅಪ್ಪನಿಗೆ ಗೊತ್ತಾಗಿದ್ದರೆ ಒಂದಷ್ಟು ದಿನ ನಿನ್ನ ಹೆಸರೆತ್ತುತ್ತಿರಲಿಲ್ಲ, ಆಮೇಲೆ ಸರಿಹೋಗುತ್ತಿದ್ದರು. ಆದರೆ ನೀನು ಪತ್ರಿಕೆಯವರ ಮುಂದೆ ಬಾಯಿ ತೆರೆದೆ. ಸೋಮವಾರದ ಕ್ರೀಡಾಪುಟವನ್ನು ಅಪ್ಪನಿಗೆ ಓದಿ ಹೇಳಿದವಳು ನಾನೇ: ‘ಕೊನೆಯ ತಿರುವಿನಲ್ಲಿ ಹಿಂಗಾಲಿಯ ಟೈರ್ ರಿಮ್‌ನಿಂದ ಸರಿದಂತಾಯಿತು, ಆದ್ದರಿಂದ ಹಿಡಿತ ತಪ್ಪಿತು ಎಂದು ಶಿವಪುತ್ರ ತಿಳಿಸಿದರು.’ ಅಪ್ಪ ಇನ್ನೊಮ್ಮೆ ಓದು ಎಂದರು. ಓದಿದೆ. ಆಮೇಲೆ ಅವರು ಹೇಳಿದ ಮಾತು ಇದು: ‘ಖರೇ ಅದ. ನೀನೂ ಹೇಳಿದೆಲ್ಲ, ಮೇಲಕ್ಕ ಹ್ವಾದ ಅಂತ. ಟೈರ್ ಸರಿದ್ರ ಗಾಡಿ ಮೇಲಕ್ಕ ಹೋಗ್ತದ.’ ನಾನು ಹೇಳಿದ ನಿಜವನ್ನು ನಿನ್ನ ಸುಳ್ಳಿನ ಪಕ್ಕದಲ್ಲಿಟ್ಟು ಅವರು ಲೆಕ್ಕ ಮುಗಿಸಿದರು.

ಟ್ರ್ಯಾಕ್ ಸೈಕಲ್ಲಿನ ಟೈರನ್ನು ರಿಮ್ಮಿಗೆ ಅಂಟಿಸುವುದು ಗೋಂದಿನಿಂದ, ಆ ಗೋಂದು ಹಚ್ಚಿದ ಕೈ ಬಷೀರ್ ಭಾಯಿಯದು. ಇಲಾಖೆ ಕೊಟ್ಟ ಗಾಲಿ ಬೇಡ, ಊರಿನ ಟ್ರ್ಯಾಕಿನಲ್ಲಿ ಭಾಯಿ ಕಟ್ಟಿದ ಗಾಲಿಯ ಮೇಲೇ ಓಡಿಸುತ್ತೇನೆ ಎಂದು ಕೇಳಿಕೊಂಡು ಹೋದವನು ನೀನು. ಅವರು ರಂಜಾನಿನ ಉಪವಾಸದ ಬಾಯಲ್ಲಿ ಕೂತು ಅಂಟಿಸಿದರು. ನಿನಗೆ ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ನಿನಗಾಗಿ ಸಣ್ಣ ಫ್ರೇಮ್ ಹುಡುಕಿ ತಂದವರು, ಅಪ್ಪ ಅವರ ಅಂಗಡಿಯ ನೆಲಕ್ಕೆ ಸಿಮೆಂಟ್ ಹಾಕಲು ಹೋದ ದಿನದಿಂದ ನಮ್ಮ ಮನೆಯವರಂತೆ ಇದ್ದವರು. ಇಂಥವರ ತಲೆಗೆ ನೀನು ಅಷ್ಟು ಸಲೀಸಾಗಿ ಕಟ್ಟಿದೆ. ಅಲ್ಲಿದ್ದ ಗಾಳಿಯನ್ನು ದೂರಬಹುದಿತ್ತು. ಸಿಮೆಂಟಿನ ಬಿರುಕನ್ನು ದೂರಬಹುದಿತ್ತು. ಕಾಲು ಹಿಡಿಯಿತು ಎನ್ನಬಹುದಿತ್ತು, ಅದಕ್ಕೆ ಯಾರ ಹೆಸರೂ ಬೇಕಾಗಿರಲಿಲ್ಲ.

ನೀನು ರೈಲು ಹತ್ತಿದ ಮಾರನೆಯ ದಿನ ಅಪ್ಪ ಆ ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದರು. ನಾನು ಊಟದ ಬಿಡುವಿನಲ್ಲಿ ಹೊರಗೆ ಬಂದವಳು ಅವರನ್ನು ಕಂಡು ಹಿಂದೆಯೇ ಓಡಿದೆ. ಅಂಗಡಿಯಲ್ಲಿ ಬೇರೆ ಕ್ಲಬ್ಬಿನ ಇಬ್ಬರು ಹುಡುಗರಿದ್ದರು, ಮುನಿರಾಜಪ್ಪನವರೂ ಇದ್ದರು. ಅಪ್ಪ ಗಾಲಿಯನ್ನು ಕೊಕ್ಕೆಗೆ ನೇತುಹಾಕಿ, ‘ಬಷೀರಾ, ನಿನ್ ಗಾಲಿ ನಿನಗ ಇರಲಿ’ ಎಂದರು. ಭಾಯಿ ಎದ್ದು ಸ್ಟೂಲ್ ಎಳೆದು, ‘ಕೂತ್ಕೊಳ್ಳಿ ಅಮರಪ್ಪಣ್ಣ, ಚಾಯ್ ತರಿಸ್ತೀನಿ’ ಎಂದರು. ‘ನೀನು ಉಪವಾಸ ಅದಿ, ನಂಗೊಬ್ಬಂಗ ಚಾ ಯಾಕ?’ ಪ್ರತಿ ವರ್ಷ ರಂಜಾನಿನಲ್ಲಿ ಭಾಯಿ ನೋಡುತ್ತಿರುವಂತೆ ಅವರ ಮುಂದೆಯೇ ಚಹಾ ಕುಡಿದು ತಮಾಷೆ ಮಾಡುತ್ತಿದ್ದ ಅಪ್ಪನ ಮಾತು ಇದು. ಆಮೇಲೆ ಕೇಳಿದರು: ‘ಗೋಂದು ಹಚ್ಚುವಾಗ ಕೈ ನಡುಗ್ತಿತ್ತೇನು? ಹೇಳಬೇಕಿತ್ತಲ್ಲ. ಮಗನ್ ಹೊಟ್ಟಿ ಮ್ಯಾಲ ಹೊಡದಿ.’ ಎಲ್ಲರೂ ಕೇಳುವಂತೆ ಕೇಳಿದರು.

ಬಷೀರ್ ಭಾಯಿ ಗಾಲಿಯನ್ನು ಮುಟ್ಟಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು. ‘ಆಗಿರಬಹುದು ಅಣ್ಣ, ವಯಸ್ಸಾಯ್ತು’ ಎಂದರು. ಅಷ್ಟೇ. ಅಪ್ಪ ಹೊರಟುಹೋದರು. ಹುಡುಗರಿಬ್ಬರೂ ರಿಪೇರಿಗೆ ತಂದಿದ್ದ ಸೈಕಲ್ಲುಗಳನ್ನು ಹಾಗೇ ತಳ್ಳಿಕೊಂಡು ಹೋದರು. ಎಲ್ಲರೂ ಹೋದ ಮೇಲೆ ನಾನು ಆ ಟೈರಿಗೆ ಎರಡೂ ಹೆಬ್ಬೆರಳಿಟ್ಟು ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ‘ಬಿಡಮ್ಮ’ ಎಂದರು ಭಾಯಿ. ನಾನು, ‘ಯಾಕೆ ಭಾಯಿ ಒಪ್ಕೊಂಡ್ರಿ?’ ಎಂದು ಕೇಳಿದೆ. ‘ಹುಡುಗ ಹೇಳಿದ್ದು ಪೇಪರ್‌ನಲ್ಲಿ ಬಂದಿದೆ. ನಾನು ಸುಳ್ಳು ಅಂದ್ರೆ ನಿಮ್ಮಪ್ಪ ಯಾರನ್ನ ಬಿಡ್ಬೇಕು? ನನ್ನ ಬಿಡೋದು ಸುಲಭ ಅಲ್ವಾ?’ ಎಂದರು. ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ಟೈರನ್ನು ಕತ್ತರಿಸಿ ತೆಗೆದುಬಿಟ್ಟಿದ್ದರು. ಬರೀ ರಿಮ್ ನೇತಾಡುತ್ತಿತ್ತು. ನಿನ್ನ ಮಾತು ಸುಳ್ಳೆಂದು ತೋರಿಸಬಹುದಾಗಿದ್ದ ಒಂದೇ ವಸ್ತುವನ್ನು ನಿನಗಾಗಿ ಅವರೇ ಕೈಯಾರೆ ಇಲ್ಲವಾಗಿಸಿದರು.

ಇದನ್ನೆಲ್ಲ ನಾನು ಫೋನಿನಲ್ಲಿ ಹೇಳಲು ಹೊರಟೆ. ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. ‘ಅಕ್ಕಾ, ಪೇಪರ್‌ನವ್ರು ಮುಖದ ಮ್ಯಾಲೇ ಬಂದ್ ನಿಂತ್ರು, ಏನರ ಒಂದು ಹೇಳಬೇಕಿತ್ತು. ಸಾಹೇಬ್ರ ಹೆಸರು ಹೇಳಾಕ ಬರ್ತದೇನು?’ ಆಮೇಲೆ, ‘ಬಷೀರ್ ಭಾಯಿ ಏನೂ ತಿಳ್ಕೊಳಂಗಿಲ್ಲ ಬಿಡು.’ ನೀನು ಹೇಳಿದ್ದು ನಿಜ, ಅವರು ಏನೂ ತಿಳಿದುಕೊಳ್ಳಲಿಲ್ಲ. ತಿಳಿದುಕೊಂಡದ್ದು ಉಳಿದವರು. ಮುನಿರಾಜಪ್ಪನವರು ಕೆಟ್ಟವರಲ್ಲ, ಅವರು ನನಗೆ ಹೇಳಿದ್ದು ಹೀಗೆ: ‘ಏನ್ ಮಾಡ್ಲಮ್ಮ ಸೌಂದರ್ಯಾ, ಹುಡುಗರ ಅಪ್ಪ ಅಮ್ಮ ಬಂದು ಕೇಳ್ತಾರೆ, ಆ ಸಾಬ್ರು ಅಂಟಿಸಿದ ಟೈರ್ ಮೇಲೆ ನಮ್ಮ ಮಗನ್ನ ಕೂರಿಸ್ತೀರಾ, ಬಿದ್ರೆ ಯಾರು ಹೊಣೆ ಅಂತ. ನಿಮ್ಮ ತಮ್ಮ ಬೀಳ್ಲಿಲ್ಲ, ಪುಣ್ಯ. ಇನ್ನೊಬ್ಬ ಬೀಳ್ತಾನೆ ಅಂತಾರೆ. ನಾನೇನ್ ಹೇಳ್ಲಿ?’ ಅಂಟಿಸಿದ ಟೈರ್ ತಿರುವಿನಲ್ಲಿ ಸರಿದರೆ ಸವಾರ ಬೀಳದೆ ಇರುವುದು ಹೇಗೆ, ಬಿದ್ದಿಲ್ಲವೆಂದರೆ ಸರಿದಿಲ್ಲ ಎಂದೇ ಅಲ್ಲವೇ ಎಂದೆ. ‘ಅದು ನಿಮಗೆ ಗೊತ್ತು, ನನಗೆ ಗೊತ್ತು. ಆದರೆ ಮೆಡಲ್ ತಗೊಂಡವನು ಹೇಳಿದ್ದಾನಲ್ಲಮ್ಮ’ ಎಂದರು.

ಕ್ಲಬ್ಬಿನ ಸಮಿತಿ ಈಗ ಬಷೀರ್ ಭಾಯಿಯ ವಿಷಯವನ್ನು ವಿಚಾರಣೆಗೆ ತೆಗೆದುಕೊಂಡಿದೆ. ತಪ್ಪು ಅವರದೆಂದು ತೀರ್ಮಾನವಾದರೆ ಟ್ರ್ಯಾಕಿನ ಒಳಗೆ ಬರಲು ಅವರಿಗೆ ಕೊಡುತ್ತಿದ್ದ ಪಾಸನ್ನು ವಾಪಸು ಪಡೆಯುತ್ತಾರೆ, ಕ್ಲಬ್ಬಿನ ಸೈಕಲ್ಲುಗಳನ್ನು ಇನ್ನು ಯಾರೂ ಅವರಿಗೆ ಕೊಡುವುದಿಲ್ಲ. ಅವರು ಕೆಲಸ ನಿಲ್ಲಿಸಿದ್ದು ಆ ತೀರ್ಮಾನಕ್ಕೂ ಮೊದಲೇ, ತಾವಾಗಿಯೇ. ಈ ಸ್ಪರ್ಧೆಗಳನ್ನು ನೋಡಲು ನಾನು ಫ್ರಾಕ್ ಹಾಕುವ ವಯಸ್ಸಿನಿಂದ ಹೋಗುತ್ತಿದ್ದೇನೆ. ಟ್ರ್ಯಾಕಿನ ನಡುವಿನ ಹುಲ್ಲಿನ ಮೇಲೆ ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು ಓಡುವ ಆ ಮನುಷ್ಯನಿಲ್ಲದೆ ಒಂದೇ ಒಂದು ಸ್ಪರ್ಧೆಯೂ ನನ್ನ ನೆನಪಿನಲ್ಲಿಲ್ಲ. ನಾನು ಇಷ್ಟು ವರ್ಷ ಅಲ್ಲಿಗೆ ಹೋಗುತ್ತಿದ್ದುದಕ್ಕೆ ಒಂದೇ ಕಾರಣ. ಅಲ್ಲಿ ಎಲ್ಲವೂ ಕಣ್ಣೆದುರೇ ಸುತ್ತುತ್ತದೆ, ಮರೆಯಾಗಲು ರಸ್ತೆಯ ತಿರುವಿಲ್ಲ, ಬೆಟ್ಟವಿಲ್ಲ. ಯಾರು ಗೆದ್ದರು ಎಂಬುದಕ್ಕೆ ಯಾರ ಮಾತನ್ನೂ ನಂಬಬೇಕಾಗಿಲ್ಲ ಎಂದುಕೊಂಡಿದ್ದೆ. ಕಳೆದ ಭಾನುವಾರ ಕಿರಿಯರ ಸ್ಪರ್ಧೆಗಳಿದ್ದವು. ಹೋಗಿ ಎರಡು ಸ್ಪರ್ಧೆ ನೋಡಿದೆ. ಒಬ್ಬ ಹುಡುಗ ಹಿಂದಕ್ಕೆ ತಿರುಗಿ ನೋಡಿದ ಕೂಡಲೇ ಇವನು ಯಾರಿಗೆ ದಾರಿ ಬಿಡುತ್ತಾನೋ ಎನ್ನಿಸಿತು. ಪಾಪ, ಅವನು ಹಿಂದಿರುವವನನ್ನು ನೋಡಿದ್ದ, ಅಷ್ಟೇ, ಆಮೇಲೆ ಗೆದ್ದ. ನನಗೆ ಚಪ್ಪಾಳೆ ತಟ್ಟಲು ಆಗಲಿಲ್ಲ. ಎದ್ದು ಬಸ್ ಹಿಡಿದೆ. ಇದನ್ನೂ ನೀನೇ ಕಿತ್ತುಕೊಂಡೆ ಎಂದು ಬರೆದರೆ ಹೆಚ್ಚಾಗುತ್ತದೆಯೇನೋ. ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಮುಂದಿನ ಬುಧವಾರ ರಂಜಾನ್ ಹಬ್ಬ. ಅವ್ವ ಮೊನ್ನೆ ರೊಟ್ಟಿ ತಟ್ಟುತ್ತ, ‘ಈ ಸಲ ಬಷೀರಣ್ಣನ ಮನಿಗಿ ಹೋಗೂದಿಲ್ಲೇನು?’ ಎಂದಳು. ಅಪ್ಪ ಇನ್ನೊಂದು ರೊಟ್ಟಿಗೆ ತಟ್ಟೆ ಒಡ್ಡಿದರು. ಅವ್ವನಿಗೆ ಪೂರ್ತಿ ಸಂಗತಿ ಗೊತ್ತಿಲ್ಲ, ಆದರೆ ಅವಳು ಮಕ್ಕಳ ಸುಳ್ಳನ್ನು ವಾಸನೆಯಲ್ಲೇ ಹಿಡಿಯುವವಳು. ಪಾತ್ರೆ ತೊಳೆಯುವಾಗ ನನ್ನನ್ನು ಕೇಳಿದಳು: ‘ಟೈರ್ ಸರಿದಿದ್ರ ಅಂವ ಕೈ ಬಿಟ್ಟು ಹ್ಯಾಂಗ ಹೊಡದ?’ ನಾನು ನಲ್ಲಿ ಜೋರಾಗಿ ಬಿಟ್ಟೆ.

ನಿನ್ನಿಂದ ನನಗೆ ಬೇಕಾದದ್ದು ದೊಡ್ಡದಲ್ಲ. ಮುನಿರಾಜಪ್ಪನವರ ಹೆಸರಿಗೆ ಒಂದು ಕಾಗದ ಬರೆ. ಟೈರ್ ಸರಿಯಾಗಿತ್ತು, ನಾನು ಎರಡನೆಯವನಾದದ್ದಕ್ಕೂ ಬಷೀರ್ ಭಾಯಿಯ ಕೆಲಸಕ್ಕೂ ಸಂಬಂಧವಿಲ್ಲ, ಪತ್ರಿಕೆಗೆ ತಪ್ಪಾಗಿ ಹೇಳಿದೆ ಎಂದು ಬರೆದು ಸಹಿ ಹಾಕು. ಸಾಹೇಬರ ಹೆಸರು ಬರೆಯಬೇಡ, ಒಳದಾರಿಯ ಮಾತೂ ಬೇಡ. ನಿನ್ನ ನೌಕರಿಗೆ ಧಕ್ಕೆ ಬಾರದಂತೆ ಇದನ್ನು ಬರೆಯಬಲ್ಲವನು ನೀನೊಬ್ಬನೇ. ಅಪ್ಪನ ಮುಂದೆ ಸುಳ್ಳುಗಾರನಾಗುತ್ತೀಯೆ, ಅದು ನಿಜ. ಈಗ ಆ ಜಾಗದಲ್ಲಿ ನಿನ್ನ ಬದಲಿಗೆ ಇನ್ನೊಬ್ಬರು ನಿಂತಿದ್ದಾರೆ.

ಉಳಿದಂತೆ ಎಲ್ಲ ಕ್ಷೇಮ. ಅವ್ವ ನಿನ್ನನ್ನು ಕೇಳಿದ್ದಾಳೆ, ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸಬೇಕಂತೆ, ಕಳಿಸುತ್ತಾಳೆ. ಮೈ ಕಡೆ ನೋಡಿಕೋ. ಒಳ್ಳೆಯದಾಗಲಿ ಎಂದು ಹರಸುವುದು ಅಕ್ಕನಾದವಳ ಕೆಲಸ, ಹರಸಿದ್ದೇನೆ.

ನಿನ್ನ ಅಕ್ಕ,
ಸೌಂದರ್ಯಾ

ತಾ.ಕ.: ಮರುದಿನ ಕಾಗದ ಅಂಟಿಸುವಷ್ಟರಲ್ಲಿ ಮುನಿರಾಜಪ್ಪನವರು ಪ್ರೆಸ್ಸಿಗೇ ಬಂದಿದ್ದರು. ವಿಚಾರಣೆಯ ದಿನ ಗೊತ್ತಾಗಿದೆ. ಕೊನೆಯ ಸುತ್ತನ್ನು ಹತ್ತಿರದಿಂದ ಕಂಡವಳು ನನ್ನ ಮಗಳು ಎಂದು ಅಪ್ಪ ಬಷೀರ್ ಭಾಯಿಯ ವಿರುದ್ಧ ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದಾರೆ. ನನ್ನನ್ನು ಕೇಳಿರಲಿಲ್ಲ. ನಾನು ಬರುತ್ತೇನೆಂದು ಸಹಿ ಹಾಕಿದ್ದೇನೆ. ಸಮಿತಿಯವರು ಕೇಳಿದರೆ ತಿರುವಿನಲ್ಲಿ ಕಂಡದ್ದನ್ನೆಲ್ಲ ಹೇಳಬೇಕಾಗುತ್ತದೆ, ಸಾಹೇಬರನ್ನೂ ಸೇರಿಸಿ. ನವೆಂಬರ್ 30, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ನಿನ್ನ ಕಾಗದ ಬಂದಿದ್ದರೆ ಮೊದಲು ಅದನ್ನು ಓದುತ್ತಾರೆ. ಬಂದಿರದಿದ್ದರೆ ಮೊದಲು ನನ್ನನ್ನು ಕರೆಯುತ್ತಾರೆ.